ಬಾಯಿ ಕಹಿಯಾದಾಗ: ಜ್ವರ, ನಿದ್ದೆ, ಹಸಿವಿನ ಒಂದು ಚರಿತ್ರೆ

ಅಜ್ಜನ ಕೊನೆಯ ಜ್ವರ ಶುರುವಾದದ್ದು ಆಷಾಢದಲ್ಲಿ. ಸಾಗರದ ಆಚೆಗಿನ ನಮ್ಮ ಊರಲ್ಲಿ ಹತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಾನಾಗ ಪಿಎಚ್.ಡಿ.ಯ ಎರಡನೇ ವರ್ಷದಲ್ಲಿದ್ದೆ. ರಜೆ ಹಾಕಿ ಊರಿಗೆ ಬಂದಿದ್ದೆ. ಎಂಬತ್ತನಾಲ್ಕರ ಅಜ್ಜನ ಎದೆಯಲ್ಲಿ ಕಫ ಕಟ್ಟಿತ್ತು. ಶ್ವಾಸಕೋಶಕ್ಕೆ ಸೋಂಕು ತಗುಲಿದೆ ಎಂದು ಡಾಕ್ಟರು ಆ್ಯಂಟಿಬಯೋಟಿಕ್ ಶುರು ಮಾಡಿದ್ದರು. ಹೊತ್ತು ಹೊತ್ತಿಗೆ ಗಂಜಿ ಕುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅಜ್ಜ ಎರಡು ಚಮಚ ಕುಡಿದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. "ಬೇಡ ಮಗಾ, ಬಾಯಿ ಕಹಿ" ಅನ್ನುತ್ತಿದ್ದ. ನಾನು ಬಿಡುತ್ತಿರಲಿಲ್ಲ. "ಹೊಟ್ಟೆಗೆ ಬೀಳದಿದ್ದರೆ ಮಾತ್ರೆ ಹೇಗೆ ಕೆಲಸ ಮಾಡ್ತದೆ ಅಜ್ಜ? ಹಠ ಮಾಡಬೇಡ" ಎಂದು ಗದರಿಸಿ, ಗಲ್ಲ ಹಿಡಿದು ಇನ್ನೆರಡು ಚಮಚ ಹಾಕುತ್ತಿದ್ದೆ. ನಿದ್ದೆ ಹತ್ತಿದರೆ ಎಬ್ಬಿಸಿ ಕುಡಿಸುತ್ತಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು, "ಬಿಡು ಅವರನ್ನ. ಜ್ವರ ಬಂದ ಮೈಗೆ ಊಟ ಸೇರೂದಿಲ್ಲ. ಮಲಗಲಿ" ಅಂದಿದ್ದಳು. ಓದಿದ ಮೊಮ್ಮಗನಿಗೆ ಅದು ಹಳೇ ಕಾಲದ ಮಾತಾಗಿ ಕೇಳಿಸಿತು. ಹನ್ನೊಂದನೇ ದಿನ ಅಜ್ಜ ಹೋದ.

ನನ್ನ ಸಂಶೋಧನೆ ವೈದ್ಯಕೀಯದ ಇತಿಹಾಸಕ್ಕೆ ಸೇರಿದ್ದು. ಅಜ್ಜ ಹೋಗಿ ವರ್ಷವಾದ ಮೇಲೆ, ಬೇರೆ ಏನನ್ನೋ ಹುಡುಕುತ್ತಿದ್ದಾಗ, 1979ರಲ್ಲಿ ಪ್ರಕಟವಾದ ಒಂದು ಪ್ರಬಂಧ ಕಣ್ಣಿಗೆ ಬಿತ್ತು. ಸೋಂಕು ತಗುಲಿದ ಇಲಿಗಳಿಗೆ ಒತ್ತಾಯದಿಂದ ಉಣಿಸಿದರೆ ಏನಾಗುತ್ತದೆ ಎಂಬುದು ಅದರ ವಿಷಯ. ಹೆಚ್ಚು ಇಲಿಗಳು ಸಾಯುತ್ತವೆ, ಬೇಗ ಸಾಯುತ್ತವೆ ಎಂದು ಅದು ಹೇಳುತ್ತಿತ್ತು. ಆ ದಿನ ಗ್ರಂಥಾಲಯದಲ್ಲಿ ಮುಂದಕ್ಕೆ ಓದಲಾಗಲಿಲ್ಲ. ಈ ಲೇಖನ ಆಮೇಲೆ ನಾನು ಓದಿದ್ದರ ಫಲ.

*

ಜ್ವರ ಬಂದಾಗ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ. ಮೈ ಸುಡುತ್ತದೆ, ಕಣ್ಣು ಎಳೆಯುತ್ತದೆ, ಅನ್ನ ಬೇಡವಾಗುತ್ತದೆ. ಇದು ಎಲ್ಲರ ಅನುಭವ. ಆದರೆ ಆಧುನಿಕ ವೈದ್ಯಕೀಯದ ಚರಿತ್ರೆಯಲ್ಲಿ ಈ ಮೂರಕ್ಕೂ ಸಮಾನ ಸ್ಥಾನ ಸಿಕ್ಕಿಲ್ಲ. ಲೆಕ್ಕದ ಪುಸ್ತಕಕ್ಕೆ ಮೊದಲು ಏರಿದ್ದು ಮೈಬಿಸಿ ಒಂದೇ.

ಅದಕ್ಕೆ ಮುಖ್ಯ ಕಾರಣ ಜರ್ಮನಿಯ ಲೈಪ್ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಕ್. ಸುಮಾರು 25,000 ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಅಳೆದ ಉಷ್ಣತೆಯ ಆಧಾರದಲ್ಲಿ ಆತ 1868ರಲ್ಲಿ ಒಂದು ದೊಡ್ಡ ಗ್ರಂಥ ತಂದ. ಆರೋಗ್ಯವಂತರ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ ಲೋಕಕ್ಕೆಲ್ಲ ಹಬ್ಬಿದ್ದು ಅಲ್ಲಿಂದ. ಆತನ ಥರ್ಮಾಮೀಟರ್ ಸುಮಾರು ಒಂದು ಅಡಿ ಉದ್ದವಿತ್ತು. ಅದೇ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್‌ಬಟ್ ಆರು ಇಂಚಿನ, ಐದು ನಿಮಿಷದಲ್ಲಿ ಬಿಸಿ ತೋರಿಸುವ ಥರ್ಮಾಮೀಟರ್ ರೂಪಿಸಿದ ಮೇಲೆ ಅದು ಡಾಕ್ಟರರ ಜೇಬು ಸೇರಿತು.

ವುಂಡರ್ಲಿಕ್ ಮಾಡಿದ ಇನ್ನೂ ದೊಡ್ಡ ಕೆಲಸವೆಂದರೆ, ಜ್ವರ ತಾನೇ ಒಂದು ಕಾಯಿಲೆ ಎಂಬ ಭಾವನೆಯನ್ನು ಬದಲಿಸಿದ್ದು. ಜ್ವರ ಕಾಯಿಲೆಯ ಲಕ್ಷಣ, ಒಂದೊಂದು ಕಾಯಿಲೆಯ ಜ್ವರಕ್ಕೆ ಒಂದೊಂದು ಏರಿಳಿತವಿದೆ ಎಂದು ಆತ ತೋರಿಸಿದ. ಅಂದಿನಿಂದ ಆಸ್ಪತ್ರೆಯ ಹಾಸಿಗೆಯ ಬುಡದಲ್ಲಿ ಜ್ವರದ ನಕ್ಷೆ ತೂಗಾಡತೊಡಗಿತು. ಹಳೆಯ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾದ ಇಂಥ ನಕ್ಷೆಗಳನ್ನು ನೋಡುವುದು ನನ್ನ ದಿನನಿತ್ಯದ ಕೆಲಸ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಗೆರೆ ಏರಿ ಇಳಿಯುತ್ತದೆ. ರೋಗಿ ಎಷ್ಟು ನಿದ್ದೆ ಮಾಡಿದ, ಏನು ಉಂಡ ಎಂಬುದು ಇದ್ದರೆ ಪಕ್ಕದ ಟಿಪ್ಪಣಿಯಲ್ಲಿ ಒಂದು ಸಾಲು. ಅದಕ್ಕೆ ಗೆರೆಯಿಲ್ಲ. ಮಂಪರು, ಅರುಚಿ ಎಲ್ಲ ಸೇರಿ "ನಿಶ್ಶಕ್ತಿ" ಎಂಬ ಒಂದೇ ಮಾತಿನೊಳಗೆ ಹೂತುಹೋದವು. ಕಾಯಿಲೆ ಮೈಯನ್ನು ಸೋಲಿಸಿದ್ದರ ಗುರುತು ಅವು, ಅಷ್ಟೆ ಎಂಬುದು ಎಲ್ಲರ ನಂಬಿಕೆ. ಚಮಚ ಹಿಡಿದು ಕೂತಿದ್ದ ನನ್ನ ನಂಬಿಕೆಯೂ ಅದೇ ಆಗಿತ್ತು.

*

ಮೈ ಬಿಸಿಯಾಗುವುದು ಹೇಗೆ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೂಜಿಮದ್ದು ಚುಚ್ಚಿಸಿಕೊಂಡವರಿಗೆ ಕಾರಣವಿಲ್ಲದೆ ಜ್ವರ ಬರುತ್ತಿತ್ತು. 1923ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಎಂಬ ವಿಜ್ಞಾನಿ ಇದರ ಮೂಲವನ್ನು ಪತ್ತೆ ಮಾಡಿದಳು. ಮದ್ದು ಕಲೆಸಲು ಬಳಸುವ ಬಟ್ಟಿ ಇಳಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಶೇಷ ಉಳಿದಿರುತ್ತಿತ್ತು. ಬ್ಯಾಕ್ಟೀರಿಯಾ ಸತ್ತರೂ ಅದರ ಚೂರು ಜ್ವರ ತರಿಸಬಲ್ಲದು ಎಂದಾಯಿತು.

ಹಾಗಾದರೆ ಆ ಚೂರೇ ನೇರವಾಗಿ ಮೈ ಸುಡುತ್ತದೆಯೇ? ಅಟ್ಲಾಂಟಾದಲ್ಲಿದ್ದ ಪಾಲ್ ಬೀಸನ್ 1948ರಲ್ಲಿ ಬೇರೆ ಉತ್ತರ ಕೊಟ್ಟ. ಮೊಲದ ಬಿಳಿ ರಕ್ತಕಣಗಳಿಂದ ತೆಗೆದ ಒಂದು ಪದಾರ್ಥವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದಕ್ಕೆ ಜ್ವರ ಬಂತು. ಅಂದರೆ ಬೆಂಕಿ ಹಚ್ಚುತ್ತಿರುವುದು ಹೊರಗಿನ ಶತ್ರುವಲ್ಲ, ನಮ್ಮದೇ ಮೈಕಾವಲಿನ ಕಣಗಳು. ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸೀಬರ್ಟ್ ತೋರಿಸಿದ ಬ್ಯಾಕ್ಟೀರಿಯಾದ ಶೇಷವೇ ಎಲ್ಲೋ ಬೆರೆತಿರಬೇಕು ಎಂಬ ಗುಮಾನಿ ಆ ಕ್ಷೇತ್ರದಲ್ಲಿ ದಶಕಗಳ ಕಾಲ ಉಳಿಯಿತು. ಚಾರ್ಲ್ಸ್ ಡಿನರೆಲ್ಲೊ ಮತ್ತು ಆತನ ಸಂಗಡಿಗರು 1977ರಲ್ಲಿ ಮನುಷ್ಯರ ಬಿಳಿ ರಕ್ತಕಣಗಳಿಂದ ಆ ಪದಾರ್ಥವನ್ನು ಶುದ್ಧಿಗೊಳಿಸಿದ ಮೇಲೂ, ಇಷ್ಟು ಅಲ್ಪ ಪ್ರಮಾಣದ ಒಂದೇ ಪ್ರೋಟೀನು ಇಷ್ಟೆಲ್ಲ ಮಾಡಬಲ್ಲದೇ ಎಂಬ ಸಂಶಯ ಹೋಗಲಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳು ಅದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದವು. 1979ರಲ್ಲಿ ಸ್ವಿಟ್ಜರ್ಲೆಂಡಿನ ಎರ್ಮಟಿಂಗೆನ್‌ನಲ್ಲಿ ಸೇರಿದ ವಿಜ್ಞಾನಿಗಳು ಅದನ್ನು ಇಂಟರ್‌ಲ್ಯೂಕಿನ್-1 ಎಂದು ಕರೆಯಲು ಒಪ್ಪಿದರು. ಬಿಳಿ ಕಣಗಳ ನಡುವೆ ಓಡಾಡುವ ಸುದ್ದಿ ಎಂಬಂಥ ಅರ್ಥ. 1984ರಲ್ಲಿ ಅದರ ಜೀನ್ ಕೈಗೆ ಸಿಕ್ಕಿತು. ಸಂಶಯಗಳಿಗೆ ಜಾಗ ಕಡಿಮೆಯಾಯಿತು.

*

ನಿದ್ದೆಯ ಕಥೆ ಇದಕ್ಕಿಂತ ಹಿಂದೆಯೇ, ಬೇರೆಯೇ ಊರುಗಳಲ್ಲಿ ಶುರುವಾಗಿತ್ತು. ಜಪಾನಿನ ನಗೋಯಾದಲ್ಲಿ ಕುನಿಯೋಮಿ ಇಶಿಮೊರಿ ಎಂಬ ಶರೀರ ವಿಜ್ಞಾನಿ ನಾಯಿಗಳನ್ನು ದಿನಗಟ್ಟಲೆ ಎಚ್ಚರವಿರಿಸಿ, ಅವುಗಳ ಮಿದುಳಿನ ಸಾರವನ್ನು ಬೇರೆ ನಾಯಿಗಳಿಗೆ ಚುಚ್ಚಿದ, ಅವು ಮಲಗಿಬಿಟ್ಟವು. ಇದು ಪ್ರಕಟವಾದದ್ದು 1909ರಲ್ಲಿ, ಜಪಾನಿ ಭಾಷೆಯಲ್ಲಿ. ಪ್ಯಾರಿಸ್ಸಿನಲ್ಲಿ ಹೆನ್ರಿ ಪಿಯರಾನ್ ಮತ್ತು ರೆನೆ ಲೆಜಾಂದ್ರ್ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂಥದೇ ಪ್ರಯೋಗ ನಡೆಸಿದರು. 1913ರಲ್ಲಿ ಪಿಯರಾನ್ ಪುಸ್ತಕ ಬಂತು. ಯುರೋಪು ಬಹುಕಾಲ ನೆನಪಿಟ್ಟುಕೊಂಡದ್ದು ಆತನ ಹೆಸರನ್ನೇ. ಕನ್ನಡದಲ್ಲಿ ಬರೆಯುವ ಸಂಶೋಧಕನಾದ ನನಗೆ ಇಶಿಮೊರಿಯ ಬಗ್ಗೆ ಒಂದು ಬಗೆಯ ನಂಟು.

ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ನಿದ್ದೆ ತರುವ ಏನೋ ಶೇಖರವಾಗುತ್ತದೆ ಎಂಬ ಈ ಯೋಚನೆಯನ್ನು 1960ರ ದಶಕದಲ್ಲಿ ಹಾರ್ವರ್ಡ್‌ನ ಜಾನ್ ಪ್ಯಾಪನ್‌ಹೈಮರ್ ಮತ್ತೆ ಕೈಗೆತ್ತಿಕೊಂಡ. ಆತನ ಪ್ರಾಣಿ ಆಡು. ನಿದ್ದೆಗೆಟ್ಟ ಆಡುಗಳ ಮಿದುಳುಬಳ್ಳಿಯ ದ್ರವ ಇಲಿಗಳಿಗೆ ನಿದ್ದೆ ತರಿಸುತ್ತಿತ್ತು. ಆದರೆ ಆ ಪದಾರ್ಥ ಎಷ್ಟು ಕಡಿಮೆಯೆಂದರೆ, ಅದೇನೆಂದು ತಿಳಿಯಲು ಆಡುಗಳ ಮಂದೆಯೇ ಸಾಲದು. ಕೊನೆಗೆ ಪ್ಯಾಪನ್‌ಹೈಮರ್, ಜೇಮ್ಸ್ ಕ್ರೂಗರ್, ಮ್ಯಾನ್‌ಫ್ರೆಡ್ ಕರ್ನೊವ್‌ಸ್ಕಿ ಮೂವರೂ ಸೇರಿ ಮನುಷ್ಯರ ಮೂತ್ರವನ್ನು ಸಾವಿರಾರು ಲೀಟರ್ ಲೆಕ್ಕದಲ್ಲಿ ಸಂಗ್ರಹಿಸಿ ಸೋಸಿದರು. 1982ರಲ್ಲಿ ಸಿಕ್ಕಿದ ಉತ್ತರ ವಿಚಿತ್ರವಾಗಿತ್ತು. ಅದು ಮ್ಯುರಮಿಲ್ ಪೆಪ್ಟೈಡ್. ನಮ್ಮ ಮೈಯ ಕಣಗಳು ಅದನ್ನು ತಯಾರಿಸುವುದಿಲ್ಲ. ಅದು ಬ್ಯಾಕ್ಟೀರಿಯಾದ ಗೋಡೆಯ ಇಟ್ಟಿಗೆ.

ನಿದ್ದೆಯ ಮೂಲ ಹುಡುಕುತ್ತ ಹೊರಟವರು ಬ್ಯಾಕ್ಟೀರಿಯಾದ ಮನೆಬಾಗಿಲಿಗೆ ಬಂದು ನಿಂತಿದ್ದರು. ಬ್ಯಾಕ್ಟೀರಿಯಾದ ಗೋಡೆಯ ಚೂರು ಕಂಡರೆ ಬಿಳಿ ಕಣಗಳು ಇಂಟರ್‌ಲ್ಯೂಕಿನ್-1 ಬಿಡುತ್ತವೆ ಎಂಬುದು ಆ ಹೊತ್ತಿಗೆ ಗೊತ್ತಿತ್ತು. 1984ರಲ್ಲಿ ಕ್ರೂಗರ್, ಡಿನರೆಲ್ಲೊ ಮತ್ತಿತರರು ಅದನ್ನೇ ಮೊಲಗಳಿಗೆ ಕೊಟ್ಟರು. ಜ್ವರವೂ ಬಂತು, ಗಾಢ ನಿದ್ದೆಯೂ ಬಂತು. ಜ್ವರ ಇಳಿಸುವ ಮದ್ದು ಕೊಟ್ಟಾಗ ಮೈ ತಣ್ಣಗಾಯಿತು, ನಿದ್ದೆ ಮಾತ್ರ ಹೋಗಲಿಲ್ಲ. ಅಂದರೆ ಜ್ವರದ ಆಯಾಸದಿಂದ ಬಂದ ಮಂಪರಲ್ಲ ಅದು. ಒಂದೇ ಸಂದೇಶ, ಎರಡು ಬೇರೆ ಅಪ್ಪಣೆ.

*

ಮೂರನೆಯದು ಹಸಿವು. ಈ ಎಳೆ ಆಫ್ರಿಕಾದ ದನಗಳಿಂದ ಬಂದದ್ದು. ಟ್ರಿಪನೊಸೋಮ್ ಎಂಬ ಪರೋಪಜೀವಿ ಹೊಕ್ಕ ದನಗಳು ಮೇವು ಬಿಟ್ಟು ಸೊರಗಿ ಸಾಯುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಆ್ಯಂಟನಿ ಸೆರಾಮಿ ಇದನ್ನು ಮೊಲಗಳಲ್ಲಿ ಪರೀಕ್ಷಿಸಿದಾಗ ಒಂದು ವಿರೋಧಾಭಾಸ ಕಂಡಿತು. ಮೊಲ ಕಡ್ಡಿಯಾಗುತ್ತಿದೆ, ಆದರೆ ಅದರ ರಕ್ತದಲ್ಲಿ ಕೊಬ್ಬು ತುಂಬಿ ತುಳುಕುತ್ತಿದೆ. ಆ ಕೊಬ್ಬನ್ನು ಒಳಗೆ ಎಳೆದುಕೊಳ್ಳುವ ಬಾಗಿಲನ್ನು ಯಾರೋ ಮುಚ್ಚಿದ್ದಾರೆ. ಆ "ಯಾರೋ" ಒಬ್ಬನಿಗೆ, ಸೊರಗುವಿಕೆಯನ್ನು ಸೂಚಿಸುವ ಗ್ರೀಕ್ ಮೂಲದ ಪದದಿಂದ, ಕೆಕೆಕ್ಟಿನ್ ಎಂದು ಹೆಸರಾಯಿತು. ಸೆರಾಮಿಯ ಜೊತೆಗಿದ್ದ ಯುವಕ ಬ್ರೂಸ್ ಬಾಯ್ಟ್ಲರ್ ಅದನ್ನು ಶುದ್ಧಿಗೊಳಿಸಿದ. 1985ರಲ್ಲಿ ನೋಡಿದರೆ ಅದು ಹೊಸದೇ ಅಲ್ಲ! ಅದೇ ನ್ಯೂಯಾರ್ಕಿನ ಇನ್ನೊಂದು ಸಂಸ್ಥೆಯಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು 1975ರಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಕೊಲ್ಲುವ ಪದಾರ್ಥವೆಂದು ವರ್ಣಿಸಿದ್ದ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಇದೇ ಆಗಿತ್ತು. ಅದೂ ಜ್ವರ ತರಿಸುತ್ತಿತ್ತು, ಅದೂ ನಿದ್ದೆ ತರಿಸುತ್ತಿತ್ತು.

ಜ್ವರದವರು, ನಿದ್ದೆಯವರು, ಸೊರಗುವಿಕೆಯವರು ಎಂದು ಬೇರೆ ಬೇರೆ ಕೇರಿಗಳಲ್ಲಿ ಬದುಕಿದ್ದ ವಿಜ್ಞಾನಿಗಳು 1980ರ ದಶಕದ ನಡುವಿನಲ್ಲಿ ಒಂದೇ ಕಟ್ಟೆಗೆ ಬಂದು ಕೂತರು. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್ಎಫ್ ಮುಂತಾದ ಈ ಸುದ್ದಿಗಾರ ಅಣುಗಳನ್ನು ಇಂದು ಸೈಟೊಕೈನ್‌ಗಳೆನ್ನುತ್ತೇವೆ. ಇವು ಮಿದುಳಿಗೆ ಸುದ್ದಿ ಮುಟ್ಟಿಸುವ ದಾರಿಗಳೂ ಈಗ ಸಾಕಷ್ಟು ತಿಳಿದಿವೆ. ಮಿದುಳಿನ ರಕ್ತನಾಳಗಳ ಒಳಪದರವನ್ನು ಇವು ತಟ್ಟಿದಾಗ ಅಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಎಂಬ ಪದಾರ್ಥ ಹುಟ್ಟುತ್ತದೆ. ಅದು ಹೈಪೊಥಲಾಮಸ್‌ನಲ್ಲಿ ಮೈಬಿಸಿಯ ಗುರಿಯನ್ನೇ ಮೇಲಕ್ಕೆ ಏರಿಸುತ್ತದೆ. ಗುರಿ ಏರಿದಾಗ 37 ಡಿಗ್ರಿಯೂ ಚಳಿ ಅನ್ನಿಸುತ್ತದೆ. ಸುಡುವ ಮೈಯ ಅಜ್ಜ ಎರಡೆರಡು ಕಂಬಳಿ ಕೇಳಿದ್ದು ಅದಕ್ಕೇ. ಆಸ್ಪಿರಿನ್ ಜ್ವರ ಇಳಿಸುವುದು ಈ ಪ್ರೋಸ್ಟಗ್ಲ್ಯಾಂಡಿನ್ ಹುಟ್ಟದಂತೆ ತಡೆದು. 1971ರಲ್ಲಿ ಜಾನ್ ವೇನ್ ತೋರಿಸಿದ ಈ ಸಂಗತಿಗೆ 1982ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇನ್ನೊಂದು ದಾರಿ ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರ. ಫ್ರಾನ್ಸಿನ ಬೋರ್ಡೊದಲ್ಲಿ, ಮೂಲತಃ ಪಶುವೈದ್ಯನಾದ ರಾಬರ್ಟ್ ಡಾಂಟ್ಜರ್‌ನ ತಂಡ 1990ರ ದಶಕದಲ್ಲಿ ಆ ನರವನ್ನು ಕತ್ತರಿಸಿದಾಗ ಕಾಯಿಲೆಯ ಇಲಿಗಳ ಮಂಕು ಕಡಿಮೆಯಾಯಿತು.

*

ಹೇಗೆ ಎಂಬುದು ಸರಿ. ಯಾಕೆ ಎಂಬುದು ನನಗೆ ಹೆಚ್ಚು ಮುಖ್ಯವಾಗಿತ್ತು. ಮೈ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಲು ಶೇಕಡ ಹತ್ತಕ್ಕೂ ಮಿಕ್ಕಿ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಖರ್ಚು ಏರಿದ ಹೊತ್ತಿಗೇ ಬಾಯಿ ಮುಚ್ಚಿಕೊಳ್ಳುವುದೆಂದರೆ ಯಾವ ಲೆಕ್ಕಾಚಾರ?

ಮೊದಲ ಸುಳಿವು ಕೊಟ್ಟದ್ದು ಒಬ್ಬ ಮನೋವಿಜ್ಞಾನಿ. ನೀಲ್ ಮಿಲ್ಲರ್ 1960ರ ದಶಕದ ಮೊದಲ ಭಾಗದಲ್ಲಿ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ ಚುಚ್ಚಿದ. ಬಾಯಾರಿದ್ದರೂ ಅವು ನೀರಿಗಾಗಿ ಸನ್ನೆಗೋಲು ಒತ್ತುವುದನ್ನು ಕಡಿಮೆ ಮಾಡಿದವು. ಸೋತಿವೆ ಎಂದುಕೊಳ್ಳಬಹುದಿತ್ತು. ಆದರೆ ಸದಾ ತಿರುಗುವ ಪೀಪಾಯಿಯೊಳಗೆ ಇಟ್ಟು, ಸನ್ನೆಗೋಲು ಒತ್ತಿದರೆ ಅದು ನಿಲ್ಲುವಂತೆ ಮಾಡಿದಾಗ, ಅದೇ ಕಾಯಿಲೆಯ ಇಲಿಗಳು ಮೊದಲಿಗಿಂತ ಹೆಚ್ಚು ಒತ್ತಿದವು. ಅವುಗಳಿಗೆ ಶಕ್ತಿ ಇರಲಿಲ್ಲವೆಂದಲ್ಲ. ಅವುಗಳಿಗೆ ಬೇಕಾಗಿದ್ದದ್ದು ಬೇರೆ: ವಿಶ್ರಾಂತಿ. ಕಾಯಿಲೆಯ ಮಂಕು ಎಂಬುದು ಹಸಿವು, ಬಾಯಾರಿಕೆಗಳ ಹಾಗೆಯೇ ಒಂದು ಒತ್ತಾಸೆ.

ಎರಡನೆಯ ಸುಳಿವು ಮಿಶಿಗನ್‌ನ ಮ್ಯಾಥ್ಯೂ ಕ್ಲೂಗರ್ ಸಾಕಿದ್ದ ಮರುಭೂಮಿಯ ಇಗ್ವಾನಾಗಳಿಂದ ಬಂತು. ನಮ್ಮ ಓತಿಕ್ಯಾತನ ಬಳಗದ ಈ ಪ್ರಾಣಿಗಳಿಗೆ ಮೈಯನ್ನು ಒಳಗಿನಿಂದ ಕಾಯಿಸಿಕೊಳ್ಳಲು ಬರುವುದಿಲ್ಲ. ಬ್ಯಾಕ್ಟೀರಿಯಾ ಚುಚ್ಚಿದಾಗ ಅವು ತೆವಳಿಕೊಂಡು ಬಿಸಿಯಾದ ಜಾಗಕ್ಕೆ ಹೋಗಿ, ಮೈಯನ್ನು ಸುಮಾರು ಎರಡು ಡಿಗ್ರಿ ಏರಿಸಿಕೊಂಡವು. 1975ರಲ್ಲಿ ಅವುಗಳನ್ನು 34ರಿಂದ 42 ಡಿಗ್ರಿವರೆಗಿನ ಬೇರೆ ಬೇರೆ ಗೂಡುಗಳಲ್ಲಿ ಇಟ್ಟಾಗ, ಬಿಸಿಯ ಗೂಡಿನವು ಹೆಚ್ಚು ಬದುಕಿದವು. ಮರುವರ್ಷ ಜ್ವರ ಇಳಿಸುವ ಸ್ಯಾಲಿಸಿಲೇಟ್ ಕೊಟ್ಟಾಗ, ಮೈ ಬಿಸಿಯಾಗದೆ ಉಳಿದವು ಸತ್ತವು. ಔಷಧದ ನಡುವೆಯೂ ಮೈ ಕಾಯಿಸಿಕೊಂಡವು ಬದುಕಿದವು.

ಮೂರನೆಯದು ನನ್ನನ್ನು ತಡೆದು ನಿಲ್ಲಿಸಿದ್ದ 1979ರ ಪ್ರಬಂಧ. ಅದನ್ನು ಬರೆದ ಮರೇ ದಂಪತಿ ಅದಕ್ಕೂ ಮುಂಚೆ, ಹಸಿದವರಿಗೆ ಮತ್ತೆ ಊಟ ಸಿಕ್ಕಿದಾಗ ಅಡಗಿದ್ದ ಮಲೇರಿಯಾ ಎದ್ದು ಬರುವುದನ್ನು ಗುರುತಿಸಿದ್ದರು. ಲಿಸ್ಟೀರಿಯಾ ಸೋಂಕಿನ ಇಲಿಗಳಿಗೆ ಕೊಳವೆಯಲ್ಲಿ ಉಣಿಸಿದ ಪ್ರಯೋಗ ಹುಟ್ಟಿದ್ದು ಆ ಪ್ರಶ್ನೆಯ ಬೆನ್ನಿಗೆ. 1988ರಲ್ಲಿ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ಇದನ್ನೆಲ್ಲ ಒಟ್ಟುಗೂಡಿಸಿ ಒಂದು ವಾದ ಮಂಡಿಸಿದ. ಕಾಯಿಲೆಯ ಪ್ರಾಣಿ ಮುದುಡಿ ಮಲಗುವುದು, ಉಣ್ಣದಿರುವುದು ಅದರ ಸೋಲಲ್ಲ. ಜ್ವರವೆಂಬ ದುಬಾರಿ ಕೆಲಸಕ್ಕೆ ಮೈ ಮಾಡಿಕೊಳ್ಳುವ ಹೊಂದಾಣಿಕೆ. ಮೇವು ಹುಡುಕುತ್ತ ಅಲೆದರೆ ಬಿಸಿ ಸೋರುತ್ತದೆ, ಹುಲಿಯ ಬಾಯಿಗೂ ಬೀಳಬಹುದು. ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣದಂಥ ಅಂಶವೂ ಊಟದ ಜೊತೆಗೇ ಒಳಗೆ ಬರುತ್ತದೆ. ಸೋಂಕಿನ ನಿದ್ದೆಯಲ್ಲಿ ಕನಸಿನ ಪಾಲು ಕುಗ್ಗುವುದಕ್ಕೂ ಒಂದು ಕಾರಣ ಹೇಳುತ್ತಾರೆ: ಆ ಹಂತದಲ್ಲಿ ಮೈಗೆ ನಡುಗಲು ಬರುವುದಿಲ್ಲ, ನಡುಗದಿದ್ದರೆ ಜ್ವರ ಏರುವುದಿಲ್ಲ.

*

ಇಷ್ಟು ಓದಿದ ಮೇಲೆ ನನಗೆ ಎರಡು ಸುಲಭದ ದಾರಿಗಳಿದ್ದವು. ಒಂದು, ಅಜ್ಜನನ್ನು ನಾನೇ ಕೊಂದೆ ಎಂದುಕೊಳ್ಳುವುದು. ಇನ್ನೊಂದು, ಲಂಘನವೇ ಪರಮೌಷಧ ಎಂದು ನಮ್ಮ ಹಿರಿಯರು ಆಗಲೇ ಹೇಳಿದ್ದರಲ್ಲ, ವಿಜ್ಞಾನ ಈಗ ಕಣ್ಣು ಬಿಟ್ಟಿದೆ ಎಂದು ಬೀಗುವುದು. ಎರಡೂ ಸುಳ್ಳು.

ಆಯುರ್ವೇದದಲ್ಲಿ ಜ್ವರದ ಚಿಕಿತ್ಸೆ ಲಂಘನದಿಂದಲೇ ಆರಂಭವಾಗುತ್ತದೆ ಎಂಬುದು ನಿಜ. ಆದರೆ ಅದರ ಬೆನ್ನಿಗೇ ತೆಳು ಗಂಜಿಯ ಕ್ರಮವೂ ಬರುತ್ತದೆ. ರೋಗಿಯ ಬಲ ನೋಡಿ ಮಾಡಬೇಕೆಂಬ ಎಚ್ಚರಿಕೆಯೂ ಇದೆ. ಅದೊಂದು ಸೂಕ್ಷ್ಮ ನೋಟ, ಸೈಟೊಕೈನ್‌ನ ಮುನ್ನೋಟವಲ್ಲ. ಇತ್ತ ಪ್ರಯೋಗಾಲಯದ ಉತ್ತರವೂ ಒಂದೇ ಅಲ್ಲ. 2016ರಲ್ಲಿ ಯೇಲ್‌ನ ರುಸ್ಲಾನ್ ಮೆಜಿಟೊವ್‌ನ ತಂಡ ಲಿಸ್ಟೀರಿಯಾ ತಗುಲಿದ ಇಲಿಗಳಿಗೆ ಗ್ಲೂಕೋಸ್ ಕೊಟ್ಟಾಗ ಅವು ಸತ್ತವು. ಫ್ಲೂ ವೈರಸ್ ತಗುಲಿದವಕ್ಕೆ ಕೊಟ್ಟಾಗ ಅದೇ ಗ್ಲೂಕೋಸ್ ಕಾಪಾಡಿತು. ಯಾವ ಶತ್ರು ಎಂಬುದರ ಮೇಲೆ ಉಪವಾಸದ ಗುಣ ಬದಲಾಗುತ್ತದೆ.

ಮನುಷ್ಯರ ಮಟ್ಟಿಗೆ ನನಗೆ ಸಿಕ್ಕ ದೊಡ್ಡ ಪುರಾವೆ 2011ರದು. ಬೆಲ್ಜಿಯಂನಲ್ಲಿ ತೀವ್ರ ನಿಗಾ ಘಟಕಗಳ 4640 ರೋಗಿಗಳನ್ನು ಎರಡು ಗುಂಪು ಮಾಡಿ, ಬಾಯಿಯಿಂದ ಸಾಲದಷ್ಟು ಆಹಾರವನ್ನು ರಕ್ತನಾಳದ ಮೂಲಕ ಒಂದು ಗುಂಪಿಗೆ ಎರಡು ದಿನದೊಳಗೆ, ಇನ್ನೊಂದಕ್ಕೆ ಒಂದು ವಾರ ಕಳೆದ ಮೇಲೆ ಕೊಟ್ಟರು. ತಡವಾಗಿ ಕೊಟ್ಟವರಲ್ಲಿ ಹೊಸ ಸೋಂಕುಗಳು ಕಡಿಮೆ ಇದ್ದವು, ಅವರು ಬೇಗ ಚೇತರಿಸಿಕೊಂಡರು. ಆದರೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಮೊದಲೇ ಬಡಕಲಾದ ಮುದುಕರನ್ನು, ಮಕ್ಕಳನ್ನು ಉಪವಾಸ ಕೆಡವಲು ಇದು ಸಮರ್ಥನೆಯೂ ಅಲ್ಲ. ನಮ್ಮದೇ ಮೈಯ ಈ ಸುದ್ದಿಗಾರರು ಅತಿಯಾದರೆ ಕೊಲ್ಲುತ್ತವೆ ಎಂಬುದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದೇವೆ.

ಹಾಗಾಗಿ ನನ್ನ ಎಂಟು-ಹತ್ತು ಚಮಚ ಗಂಜಿ ಅಜ್ಜನ ಸಾವನ್ನು ಹಿಂದೆ ಮುಂದೆ ಮಾಡಿತೆಂದು ಹೇಳಲು ಯಾವ ಪ್ರಬಂಧವೂ ನನಗೆ ನೆರವಾಗುವುದಿಲ್ಲ. ವಿಷಯ ಗೊತ್ತಿದ್ದ ಡಾಕ್ಟರ್ ಗೆಳತಿಯೊಬ್ಬಳನ್ನು ಕೇಳಿದೆ. "ಆ ವಯಸ್ಸಿಗೆ, ಆ ಸೋಂಕಿಗೆ, ಗಂಜಿ ದೊಡ್ಡ ವಿಷಯವೇ ಅಲ್ಲ ಕಣೋ" ಅಂದಳು. ಅದನ್ನು ನಂಬುತ್ತೇನೆ.

ನನ್ನನ್ನು ಕಾಡುವುದು ಗಂಜಿಯಲ್ಲ, ನಾನು ಬಳಸಿದ "ಹಠ" ಎಂಬ ಪದ. 1868ರಿಂದ ಈಚೆಗೆ ಜ್ವರಕ್ಕೊಂದು ನಕ್ಷೆ ಸಿಕ್ಕಿತು, ಮರ್ಯಾದೆ ಸಿಕ್ಕಿತು. ಮಂಪರಿಗೂ ಅರುಚಿಗೂ ಅದು ಸಿಗಲಿಲ್ಲ. ಅವು ರೋಗಿಯ ಸ್ವಭಾವದ ಖಾತೆಗೆ ಬಿದ್ದವು. ಜ್ವರ 102 ಇದೆ ಎಂದು ಥರ್ಮಾಮೀಟರ್ ಹೇಳಿದರೆ ನಂಬುತ್ತೇವೆ, ಬಾಯಿ ಕಹಿ ಎಂದು ರೋಗಿ ಹೇಳಿದರೆ ನಂಬುವುದಿಲ್ಲ. ಜ್ವರ ಇಳಿದ ಮರುದಿನವೇ ಹಾಜರಾತಿಗೆ ಓಡುವ ವಿದ್ಯಾರ್ಥಿಯನ್ನು ಮೆಚ್ಚುತ್ತೇವೆ, ಇನ್ನೂ ಮಲಗಬೇಕು ಅನ್ನುವವನನ್ನು ಸೋಮಾರಿ ಎನ್ನುತ್ತೇವೆ. ಒಂದೇ ಅಣು ಕೊಟ್ಟ ಮೂರು ಅಪ್ಪಣೆಗಳಲ್ಲಿ ಒಂದನ್ನು ಕಾಯಿಲೆ, ಉಳಿದೆರಡನ್ನು ನಡತೆ ಎಂದು ಓದಿದ್ದೇವೆ. ಅಜ್ಜ ಹಠ ಮಾಡಿರಲಿಲ್ಲ. ತನ್ನ ಮೈ ಹೇಳಿದ್ದನ್ನು ನನಗೆ ತಿಳಿಸುತ್ತಿದ್ದ, ಅಷ್ಟೆ.

ಹೋದ ತಿಂಗಳು ಅಜ್ಜಿಗೆ ಮೂರು ದಿನ ಜ್ವರ ಬಂತು. ಡಾಕ್ಟರರ ಬಳಿ ಕರೆದುಕೊಂಡು ಹೋದೆ, ಮಾತ್ರೆ ಕೊಡಿಸಿದೆ, ನೀರು ಕಡಿಮೆಯಾಗದಂತೆ ನೋಡಿಕೊಂಡೆ. ಗಂಜಿಯ ಲೋಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟು, ಬೇಕಾದಾಗ ಕೇಳು ಎಂದೆ. ಎರಡು ದಿನ ಕೇಳಲಿಲ್ಲ, ಮಲಗಿಯೇ ಇದ್ದಳು. ಮೂರನೇ ದಿನ ಸಂಜೆ ಎದ್ದು ಕೂತು, "ಸ್ವಲ್ಪ ಮಿಡಿ ಉಪ್ಪಿನಕಾಯಿ ಇದ್ರೆ ಕೊಡು, ಗಂಜಿ ಕುಡಿತೆ" ಅಂದಳು.